ಮುಂದಿನ ಬ್ರೇಕಿಗೆ ಹೆದರಬೇಡ

ನೋಡಮ್ಮಾ, ಕಳಸದ ಕಡೆ ಹೈಸ್ಕೂಲಿಗೆ ಮೇಡಂ ಆಗಿ ಹೊರಟಿದ್ದೀಯ. ಗುಡ್ಡದ ಮೇಲೆ ಬಾಡಿಗೆ ಮನೆ, ಕೆಳಗೆ ಶಾಲೆ, ನಡುವೆ ಕಾಫಿ ತೋಟದ ಮಣ್ಣುರಸ್ತೆ. ಅದನ್ನು ದಿನಾ ಸೈಕಲ್‌ನಲ್ಲೇ ಇಳಿಯುತ್ತೇನೆ ಅಂದಿದ್ದೀಯ, ಯಾವುದು ತಗೊಳ್ಳಲಿ ಮಾವ ಅಂತ ಕೇಳಿದ್ದೀಯ. ಗೇರು, ಸೀಟು, ಬಣ್ಣ ಎಲ್ಲ ನಿನ್ನಿಷ್ಟ. ನಾನು ಬ್ರೇಕಿನ ವಿಷಯ ಮಾತ್ರ ಹೇಳುತ್ತೇನೆ, ಆದರೆ ಉದ್ದಕ್ಕೇ ಹೇಳುತ್ತೇನೆ. ಹತ್ತುವಾಗ ಗೇರ್ ಕೈಕೊಟ್ಟರೆ ಇಳಿದು ತಳ್ಳಿಕೊಂಡು ಹೋಗಬಹುದು. ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಯೋಚನೆ ಮಾಡುವುದಕ್ಕೂ ಸಮಯ ಸಿಗುವುದಿಲ್ಲ.

ನೀನು ಸೈಕಲ್ ತಂದೆ ಅಂತ ಗೊತ್ತಾದ ಕೂಡಲೇ ಊರಿನ ಹತ್ತು ಜನ ಒಂದೇ ಬುದ್ಧಿ ಹೇಳುತ್ತಾರೆ: ‘ಇಳುಕಲಲ್ಲಿ ಮುಂದಿನ ಬ್ರೇಕ್ ಹಿಡೀಬೇಡಿ ಮೇಡಂ, ಪಲ್ಟಿ ಹೊಡೀತೀರ.’ ಅವರ ಕಾಳಜಿ ದೊಡ್ಡದು, ಬುದ್ಧಿವಾದ ಮಾತ್ರ ತಪ್ಪು. ಅದನ್ನು ನಂಬಿ ಹಿಂದಿನ ಬ್ರೇಕೊಂದನ್ನೇ ಹಿಡಿದು ಇಳಿಯುವವರು ತಿರುವಿನಲ್ಲಿ ಚರಂಡಿಗೆ ಬೀಳುವುದನ್ನು ನಮ್ಮ ಕಡೆ ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ. ಯಾಕೆ ಹಾಗಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ನೀನು ವಿಜ್ಞಾನದ ಮೇಡಂ, ನಿನಗೆ ಬೇಸರ ಬರಲಾರದು.

ನೀನು, ಸೈಕಲ್ಲು, ಬೆನ್ನಿನ ಚೀಲ ಎಲ್ಲ ಸೇರಿ 75 ಕಿಲೋ ಅಂದುಕೊ. ರಸ್ತೆ 100 ಮೀಟರ್ ಮುಂದೆ ಹೋದರೆ 15 ಮೀಟರ್ ಇಳಿಯುತ್ತದೆ. ತೋಟದ ರಸ್ತೆಗಳಲ್ಲಿ ಅಂಥ ಏರು ಬೇಕಾದಷ್ಟಿವೆ. ಆ ಇಳುಕಲು ನಿನ್ನನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 11 ಕಿಲೋ ತೂಕದಷ್ಟು. ಇನ್ನು ಹಿಡಿತ. ಒಣ ಡಾಂಬರಿನ ಮೇಲೆ ಟೈರಿಗೆ ತನ್ನ ಮೇಲಿನ ಭಾರದ ಹತ್ತರಲ್ಲಿ ಏಳೆಂಟು ಪಾಲಿನಷ್ಟು ಹಿಡಿತ ಸಿಗುತ್ತದೆ. ಸಡಿಲ ಮಣ್ಣು, ಜಲ್ಲಿಯ ಮೇಲೆ ನಾಲ್ಕು ಪಾಲು ಸಿಕ್ಕರೆ ಪುಣ್ಯ. ಅಂದರೆ 75 ಕಿಲೋಗೆ 30 ಕಿಲೋದಷ್ಟು ಹಿಡಿತ. ಅದರಲ್ಲಿ 11 ಇಳುಕಲಿಗೇ ಹೋಯಿತು. ವೇಗ ತಗ್ಗಿಸುವುದಕ್ಕೆ ಉಳಿದದ್ದು 19. ಎರಡೂ ಬ್ರೇಕನ್ನು ಹದವಾಗಿ ಬಳಸಿದರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿದ್ದವಳು ಆರೇಳು ಮೀಟರ್‌ನಲ್ಲಿ ನಿಲ್ಲಬಹುದು.

ಈಗ ಹಿಂದಿನ ಬ್ರೇಕ್ ಒಂದೇ ಹಿಡಿದೆ ಅಂದುಕೊ. ಇಳಿಯುವಾಗ ಭಾರ ಮುಂದಿನ ಚಕ್ರದ ಕಡೆ ಸರಿಯುತ್ತದೆ, ಹಿಂದಿನ ಚಕ್ರದ ಮೇಲೆ 32 ಕಿಲೋ ಉಳಿದರೆ ಹೆಚ್ಚು. ಅದರ ಹಿಡಿತ 13 ಕಿಲೋದಷ್ಟು. 11 ಇಳುಕಲಿಗೆ ಹೋದ ಮೇಲೆ ನಿನ್ನ ಕೈಯಲ್ಲಿರುವುದು ಬರೀ 2. ಅದೇ 20 ಕಿಲೋಮೀಟರ್ ವೇಗದಿಂದ ನಿಲ್ಲುವುದಕ್ಕೆ ಐವತ್ತು, ಅರವತ್ತು ಮೀಟರ್ ಬೇಕಾಗುತ್ತದೆ. ರಸ್ತೆ ಇನ್ನೊಂದಿಷ್ಟು ಕಡಿದಾದರೆ ನಿಲ್ಲುವ ಮಾತೇ ಇಲ್ಲ. ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ವೇಗ ಏರುತ್ತಲೇ ಇರುತ್ತದೆ. ಬ್ರೇಕ್ ಹಿಡಿದಿದ್ದೇನೆ, ಆದರೂ ನಿಲ್ಲುತ್ತಿಲ್ಲ ಎಂದು ಜನ ಹೇಳುವುದು ಈ ಸ್ಥಿತಿಯನ್ನೇ. ಅಲ್ಲಿ ಬ್ರೇಕಿನದು ಏನೂ ತಪ್ಪಿಲ್ಲ, ಹಿಡಿದ ಚಕ್ರದ ಮೇಲೆ ಭಾರವಿಲ್ಲ ಅಷ್ಟೆ.

ಹಾಗಾದರೆ ಮುಂದಿನ ಬ್ರೇಕಿಗೆ ಜನ ಯಾಕೆ ಹೆದರುತ್ತಾರೆ? ಅದಕ್ಕೂ ಕಾರಣವಿದೆ. ಗಟ್ಟಿ ನೆಲದಲ್ಲಿ ಅದನ್ನು ಗಬಕ್ಕನೆ ಹಿಡಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುವುದು ನಿಜ. ಸಡಿಲ ಮಣ್ಣಿನ ತಿರುವಿನಲ್ಲಿ ಹಿಡಿದರೆ ಮುಂದಿನ ಚಕ್ರ ಜಾರಿ ಪಕ್ಕಕ್ಕೆ ಬೀಳುವುದೂ ನಿಜ. ಎರಡರಲ್ಲೂ ಕೆಡಿಸಿದ್ದು ಬಲಕ್ಕಿಂತ ಹೆಚ್ಚಾಗಿ ಅವಸರ. ಹಸು ಕರೆಯುವಾಗ ಬೆರಳು ಮೊದಲು ಮೆಲ್ಲಗೆ ಹಿಡಿದು, ಆಮೇಲೆ ಬಲ ಏರಿಸುತ್ತದಲ್ಲ, ಬ್ರೇಕಿನ ಮೇಲೂ ಅದೇ ಹದ ಬೇಕು. ಹಾಗೆ ಬಲ ಏರಿಸುವುದಕ್ಕೂ ಇಳಿಸುವುದಕ್ಕೂ ನಿನ್ನ ಬೆರಳಿಗೆ ಅವಕಾಶ ಕೊಡುವ ಬ್ರೇಕೇ ನಮ್ಮ ರಸ್ತೆಗೆ ಒಳ್ಳೆಯ ಬ್ರೇಕು. ಅಂಗಡಿಯಲ್ಲಿ ‘ಪವರ್’ ಎಷ್ಟು ಅಂತ ಹೇಳುತ್ತಾರೆ. ನೀನು ಕೇಳಬೇಕಾದ್ದು, ಒಂದೇ ಬೆರಳಲ್ಲಿ ಇದನ್ನು ಕಾಲು ಭಾಗ ಹಿಡಿಯಲಿಕ್ಕಾಗುತ್ತದಾ, ಅರ್ಧ ಹಿಡಿಯಲಿಕ್ಕಾಗುತ್ತದಾ ಅಂತ.

ಬ್ರೇಕಿನಲ್ಲಿ ನೋಡಬೇಕಾದ ಮೊದಲನೆಯದು ಈ ಹದ, ಎರಡನೆಯದು ಬಿಸಿ. ಮನೆಯಿಂದ ಶಾಲೆಗೆ 250 ಮೀಟರ್ ಇಳಿತ ಇದೆ ಅಂದರೆ, ನಿಧಾನವಾಗಿ ಇಳಿಯುವಾಗ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ, ಬಹುಪಾಲು ಶಕ್ತಿ ಬ್ರೇಕಿನಲ್ಲೇ ಶಾಖವಾಗಬೇಕು. 75 ಕಿಲೋಗೆ ಅದು ಸುಮಾರು 1,80,000 ಜೂಲ್. ಅರ್ಧ ಲೀಟರ್ ತಣ್ಣೀರನ್ನು ಕುದಿಸಿ ಮಿಕ್ಕುವಷ್ಟು ಶಾಖ. ಅದನ್ನು ಹೊರಬೇಕಾದ ಡಿಸ್ಕ್ ಒಂದೊಂದರ ತೂಕ ನೂರು ಗ್ರಾಮಿನ ಆಸುಪಾಸು. ಎಲ್ಲವನ್ನೂ ಹಿಂದಿನ ಒಂದೇ ಬ್ರೇಕಿನ ತಲೆಗೆ ಕಟ್ಟಿದರೆ ಅದು ಕಾಯದೆ ಇನ್ನೇನಾದೀತು?

ಮೌಂಟನ್ ಬೈಕ್ ಹುಟ್ಟಿದ್ದೇ ಇಂಥ ಬಿಸಿಯ ತಾಪತ್ರಯದ ನಡುವೆ. ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಗುಡ್ಡದಲ್ಲಿ 1976ರಲ್ಲಿ ಒಂದಷ್ಟು ಹುಡುಗರು ದಪ್ಪ ಟೈರಿನ ಹಳೇ ಸೈಕಲ್‌ಗಳಲ್ಲಿ ಮಣ್ಣುದಾರಿ ಇಳಿಯುವ ರೇಸ್ ಶುರುಮಾಡಿದರು. ದಾರಿ ಸುಮಾರು 3.4 ಕಿಲೋಮೀಟರ್, ಇಳಿತ ಸುಮಾರು 400 ಮೀಟರ್. ಆ ಸೈಕಲ್‌ಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೆ ಹಿಡಿಯುವ ಬ್ರೇಕು, ಅದೊಂದೇ. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನ ಗ್ರೀಸ್ ಸುಟ್ಟು ಹೊಗೆಯಾಗಿರುತ್ತಿತ್ತು. ಬಿಚ್ಚಿ ಹೊಸ ಗ್ರೀಸ್ ತುಂಬದೆ ಇನ್ನೊಮ್ಮೆ ಇಳಿಯುವ ಹಾಗಿರಲಿಲ್ಲ, ಅದಕ್ಕೇ ಆ ದಾರಿಗೆ ‘ರಿಪ್ಯಾಕ್’ ಎಂದು ಹೆಸರಾಯಿತು. ಜೋ ಬ್ರೀಜ್, ಗ್ಯಾರಿ ಫಿಶರ್ ಮೊದಲಾದವರು ಬೇಗನೆ ಎರಡೂ ಚಕ್ರಕ್ಕೆ ಕೈಬ್ರೇಕು ಹಾಕಿಕೊಂಡರು. ನಮ್ಮ ಘಟ್ಟದ ಮಣ್ಣಿಗೆ ಬೇಕಾದದ್ದೂ ಅದೇ.

ಈಗ ಅಂಗಡಿಗೆ ಹೋಗೋಣ. ಕಂಬಿ ಬ್ರೇಕಿನ ಹಳೇ ಸೈಕಲ್ಲು, ಅಥವಾ ಹೊಳೆಯುವ ಕಬ್ಬಿಣದ ರಿಮ್ಮಿನ ಯಾವ ಸೈಕಲ್ಲೂ ಬೇಡ. ಒಣಗಿದ್ದಾಗ ಹೇಗೋ ನಡೆಯುತ್ತದೆ. ನೆನೆದ ಕಬ್ಬಿಣದ ರಿಮ್ಮಿನ ಮೇಲೆ ರಬ್ಬರು ಕಚ್ಚುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀನು ಬ್ರೇಕಿಲ್ಲದೆ ಓಡಾಡಿದ ಹಾಗೆ. ಬಯಲುಸೀಮೆಯ ಸಪಾಟು ರಸ್ತೆಯಲ್ಲಿ ಅವು ಅಪ್ಪಂದಿರ ಕಾಲದಿಂದ ದುಡಿದಿವೆ, ಅಲ್ಲಿ ಅವಕ್ಕೆ ಸಾಟಿಯಿಲ್ಲ, ಇಲ್ಲಿಗೆ ಬೇಡ.

ವಿ-ಬ್ರೇಕ್ ಬಗ್ಗೆ ಮಾತ್ರ ಯಾರಾದರೂ ಮೂಗು ಮುರಿದರೆ ಕೇಳಬೇಡ. 1996ರಲ್ಲಿ ಶಿಮಾನೊ ಕಂಪನಿ ತಂದ ಈ ಉದ್ದ ತೋಳಿನ ಬ್ರೇಕು ಅಲ್ಯೂಮಿನಿಯಂ ರಿಮ್ಮಿನ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಒಂದು ಅಲೆನ್ ಕೀ ಇದ್ದರೆ ಯಾರು ಬೇಕಾದರೂ ಸರಿಮಾಡಬಹುದು, ರಬ್ಬರು ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಅದರ ತೊಂದರೆ ಬೇರೆಯದು. ರಿಮ್ಮು ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಅಂದರೆ ಲಿವರ್ ಒತ್ತಿ ಮೂರು ನಾಲ್ಕು ಮೀಟರ್ ಹೋದ ಮೇಲೆ ಹಿಡಿತ ಬರುತ್ತದೆ. ನಮ್ಮ ಕೆಂಪು ಮಣ್ಣಿನ ಚರಲು ರಬ್ಬರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಲ್ಯೂಮಿನಿಯಂ ತಿನ್ನುತ್ತದೆ. ಎರಡು ಮೂರು ಮಳೆಗಾಲ ಕಂಡ ರಿಮ್ಮಿನ ಪಕ್ಕ ಬೆರಳಾಡಿಸಿದರೆ ಒಳಕ್ಕೆ ಕೊರೆದಿರುವುದು ತಿಳಿಯುತ್ತದೆ. ಹಾಗೆ ತೆಳುವಾದ ರಿಮ್ಮು ಗಾಳಿಯ ಒತ್ತಡಕ್ಕೆ ಒಂದು ದಿನ ಸೀಳಿಬಿಡುತ್ತದೆ. ಉದ್ದದ ಇಳುಕಲಲ್ಲಿ ರಿಮ್ಮೇ ಕಾಯುವುದರಿಂದ ಒಳಗಿನ ಟ್ಯೂಬಿಗೂ ಅಪಾಯ ಉಂಟು. ದಿನಾ ಇಳಿಯುವ ನಿನಗೆ ಡಿಸ್ಕೇ ಮೇಲು ಅಂತ ನಾನು ಹೇಳುವುದು ಇದಕ್ಕೆ. ಡಿಸ್ಕು ಕೆಸರಿನಿಂದ ಮೇಲಿರುತ್ತದೆ, ನೀರು ಬೇಗ ಹಾರಿಹೋಗುತ್ತದೆ, ಸವೆದರೆ ಅದೊಂದನ್ನೇ ಬದಲಿಸಿದರಾಯಿತು, ರಿಮ್ಮಿಗೆ ಏನೂ ಆಗದು.

ಆದರೆ ‘ಡಿಸ್ಕ್ ಬ್ರೇಕ್’ ಎಂದು ಬರೆದಿದ್ದೆಲ್ಲ ಒಂದೇ ಅಲ್ಲ ಕಣಮ್ಮ. ಹೆಸರೇ ಇಲ್ಲದ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ), ಕಾಗದದಂಥ ಡಿಸ್ಕ್ ಹಾಕಿ ದೊಡ್ಡ ಸ್ಟಿಕ್ಕರ್ ಅಂಟಿಸಿದ ಸೈಕಲ್‌ಗಳು ಬೇಕಾದಷ್ಟಿವೆ. ಅವುಗಳ ಪ್ಯಾಡ್ ಸವೆದಾಗ ಅದೇ ಆಕಾರದ ಪ್ಯಾಡ್ ಎಲ್ಲೂ ಸಿಗುವುದಿಲ್ಲ. ಅಂಥದ್ದಕ್ಕಿಂತ ಒಳ್ಳೆಯ ವಿ-ಬ್ರೇಕ್ ನೂರು ಪಾಲು ಮೇಲು. ಅಂಗಡಿಯವನಿಗೆ ಒಂದು ಮಾತು ಹೇಳು: ‘ಇದರ ಪ್ಯಾಡ್ ಒಂದು ಜೊತೆ ಈಗಲೇ ಕೊಡಿ, ದುಡ್ಡು ಕೊಡ್ತೀನಿ.’ ತೆಗೆದು ಕೈಗೆ ಕೊಟ್ಟರೆ ಆ ಸೈಕಲ್ ನೋಡು. ‘ಆಮೇಲೆ ತರಿಸಿಕೊಡ್ತೀವಿ’ ಅಂದರೆ ಬೇರೆ ಸೈಕಲ್ ನೋಡು.

ವೈರಿನಿಂದ ಎಳೆಯುವ ಡಿಸ್ಕ್, ಎಣ್ಣೆಯಿಂದ ಒತ್ತುವ ಹೈಡ್ರಾಲಿಕ್ ಡಿಸ್ಕ್ – ಇವೆರಡರಲ್ಲಿ ನಿನಗೆ ಹೈಡ್ರಾಲಿಕ್ ಅಂತಲೇ ನನ್ನ ಸಲಹೆ. ಒಂದು ಬೆರಳು ಸಾಕು, ಹದ ಸಿಗುತ್ತದೆ, ಪ್ಯಾಡ್ ಸವೆದಂತೆ ತಾನಾಗಿಯೇ ಹತ್ತಿರ ಬರುತ್ತದೆ, ವೈರಿಗೆ ತುಕ್ಕು ಹಿಡಿಯುವ ರಗಳೆಯಿಲ್ಲ. ಊರಲ್ಲಿ ರಿಪೇರಿ ಮಾಡುವವರಿಲ್ಲವಲ್ಲ ಅನ್ನುವ ಭಯ ಬೇಡ. ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಗಾಳಿ ತೆಗೆಸಿದರೆ ಸಾಕು, ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಆಗುವ ಕೆಲಸ. ಒಂದೇ ಒಂದು ಎಚ್ಚರಿಕೆ, ಇದನ್ನು ಮರೆಯಲೇಬಾರದು. ಶಿಮಾನೊ, ಟೆಕ್‌ಟ್ರೊ, ಮಗೂರ ಬ್ರೇಕಿಗೆ ಹಾಕುವುದು ಮಿನರಲ್ ಎಣ್ಣೆ. ಮೋಟಾರ್ ಸೈಕಲ್ಲಿಗೆ ಹಾಕುವ ಡಾಟ್ ಬ್ರೇಕ್ ಎಣ್ಣೆಯೇ ಬೇರೆ. ಯಾರಾದರೂ ಉಪಕಾರ ಮಾಡಲು ಹೋಗಿ ಬೈಕಿನ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕು ಪೂರ್ತಿ ಹಾಳು. ಯಾವ ಎಣ್ಣೆ ಅನ್ನುವುದು ಸಾಮಾನ್ಯವಾಗಿ ಲಿವರಿನ ಮುಚ್ಚಳದ ಮೇಲೇ ಬರೆದಿರುತ್ತದೆ.

ಬಜೆಟ್ ಸಾಲದಿದ್ದರೆ ವೈರಿನ ಡಿಸ್ಕೂ ನಡೆದೀತು, ಆದರೆ ಅಪರಿಚಿತ ಕಂಪನಿಯದು ಬೇಡ. ವೈರಿನ ಡಿಸ್ಕ್ ಬ್ರೇಕುಗಳಲ್ಲಿ ಹೆಚ್ಚಾಗಿ ಒಂದೇ ಕಡೆಯ ಪ್ಯಾಡ್ ಚಲಿಸುತ್ತದೆ, ಅದು ಡಿಸ್ಕನ್ನು ಬಾಗಿಸಿ ಇನ್ನೊಂದು ಪ್ಯಾಡಿಗೆ ಒತ್ತುತ್ತದೆ. ಅದನ್ನು ಕೂರಿಸುವ ಕ್ರಮ ಮುಂದೆ ಹೇಳುತ್ತೇನೆ.

ಡಿಸ್ಕಿನ ಗಾತ್ರ 160, 180, 203 ಮಿಲಿಮೀಟರ್ ಹೀಗೆ ಬರುತ್ತದೆ. ವ್ಯಾಸ ಹೆಚ್ಚಿದಷ್ಟೂ ಅದೇ ಬೆರಳಿನ ಬಲಕ್ಕೆ ಹೆಚ್ಚು ಹಿಡಿತ. 160ರಿಂದ 180ಕ್ಕೆ ಹೋದರೆ ಎಂಟರಲ್ಲಿ ಒಂದು ಪಾಲು ಹೆಚ್ಚುತ್ತದೆ, ಜೊತೆಗೆ ಬಿಸಿ ಹೊರುವ ಲೋಹವೂ ಹೆಚ್ಚುತ್ತದೆ. ನಿನ್ನ ತೂಕಕ್ಕೆ ಮುಂದೆ 180, ಹಿಂದೆ 160 ಸರಿಯಾದ ಜೋಡಿ. ಆದರೆ ಮುಂದಿನ ಫೋರ್ಕು ಎಷ್ಟು ದೊಡ್ಡ ಡಿಸ್ಕ್ ತಡೆಯುತ್ತದೆ ಎಂದು ಅದರ ಕಂಪನಿ ಹೇಳಿರುತ್ತದೆ, ಅದನ್ನು ಮೀರಬಾರದು. ಹೊಸ ಡಿಸ್ಕಿನ ದಪ್ಪ ಸಾಮಾನ್ಯವಾಗಿ 1.8 ಮಿಲಿಮೀಟರ್. ಶಿಮಾನೊ ಡಿಸ್ಕ್ 1.5ಕ್ಕೆ ಇಳಿದರೆ ತೆಗೆದು ಎಸೆಯಬೇಕು.

ಪ್ಯಾಡಿನಲ್ಲಿ ಎರಡು ಜಾತಿ. ರೆಸಿನ್ ಪ್ಯಾಡು ಸದ್ದು ಮಾಡುವುದಿಲ್ಲ, ಮೆತ್ತಗೆ ಕಚ್ಚುತ್ತದೆ, ಬೇಸಿಗೆಗೆ ಚೆನ್ನ. ಕೆಸರು ನೀರಿನಲ್ಲಿ ಮಾತ್ರ ಅದು ಸೀಮೆಸುಣ್ಣದಷ್ಟೇ ಬೇಗ ಖಾಲಿ. ಜೋರು ಮಳೆಯಲ್ಲಿ ಒಂದು ದಿನದ ಗುಡ್ಡದ ತಿರುಗಾಟಕ್ಕೇ ಮುಗಿದುಹೋಗುವುದೂ ಉಂಟು. ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡು ಕೆಸರಿಗೂ ಬಿಸಿಗೂ ತಡೆಯುತ್ತದೆ, ಒದ್ದೆಯಾದಾಗ ಕಿರುಚುತ್ತದೆ. ಕಿರುಚಿದರೆ ಕಿರುಚಲಿ, ಮಳೆಗಾಲಕ್ಕೆ ಅದನ್ನೇ ಹಾಕಿಸು. ಹಾಕಿಸುವ ಮೊದಲು ಡಿಸ್ಕಿನ ಮೇಲೆ ಓದು. ಅಗ್ಗದ ಡಿಸ್ಕ್‌ಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಅಚ್ಚೊತ್ತಿರುತ್ತದೆ, ಅಂಥದ್ದರ ಮೇಲೆ ಸಿಂಟರ್ಡ್ ಹಾಕಿದರೆ ಡಿಸ್ಕು ಬೇಗ ಸವೆದುಹೋಗುತ್ತದೆ. ಆಗ ಡಿಸ್ಕನ್ನೂ ಬದಲಿಸಬೇಕು.

ಇಷ್ಟು ಕೊಳ್ಳುವ ಮಾತು. ನನ್ನ ಅನುಭವದಲ್ಲಿ ಕೊಂಡದ್ದಕ್ಕಿಂತ ಅದನ್ನು ಕೈಗೆ ಹೊಂದಿಸಿಕೊಂಡ ರೀತಿಯೇ ಮುಖ್ಯ. ಅಂಗಡಿಯವರು ಲಿವರನ್ನು ಎಲ್ಲರಿಗೂ ಒಂದೇ ರೀತಿ ಬಿಗಿದು ಕಳಿಸುತ್ತಾರೆ, ಅದೂ ಸಾಮಾನ್ಯವಾಗಿ ದೊಡ್ಡ ಕೈಯ ಗಂಡಸಿನ ಅಳತೆಗೆ. ನಿನ್ನ ಬೆರಳು ಲಿವರಿಗೆ ಎಟುಕಲು ಅಂಗೈ ಗ್ರಿಪ್ಪಿನಿಂದ ಎದ್ದರೆ, ಅಲ್ಲೇ ಹಿಡಿತ ತಪ್ಪಿತು. ಲಿವರಿನಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರುತ್ತದೆ. ಅಂಗೈ ಗ್ರಿಪ್ಪಿನ ಮೇಲೆ ಪೂರ್ತಿ ಕೂತಿರಬೇಕು, ತೋರುಬೆರಳಿನ ಮೊದಲ ಗೆಣ್ಣು ಲಿವರಿನ ತುದಿಯ ಬಾಗಿನಲ್ಲಿ ಕೂರಬೇಕು. ಅದಕ್ಕಾಗಿ ಲಿವರಿನ ಬಿಗಿತ ಸಡಿಲಿಸಿ, ಗ್ರಿಪ್ಪಿನಿಂದ ಸ್ವಲ್ಪ ಒಳಕ್ಕೆ, ಹ್ಯಾಂಡಲ್ ನಡುವಿನ ಕಡೆಗೆ ಸರಿಸಬೇಕಾಗುತ್ತದೆ. ಬೆರಳು ಲಿವರಿನ ಬುಡದಲ್ಲಿದ್ದರೆ ಬಲವೂ ಕಡಿಮೆ, ಹದವೂ ಇಲ್ಲ. ತುದಿಯಲ್ಲಿದ್ದರೆ ಎರಡೂ ಸಿಗುತ್ತವೆ.

ಲಿವರಿನ ಕೋನವನ್ನೂ ನೋಡು. ಸಪಾಟು ರಸ್ತೆಯಲ್ಲಿ ಓಡಿಸುವವರು ಅದನ್ನು ನೆಲದ ಕಡೆ ಬಗ್ಗಿಸಿಕೊಂಡಿರುತ್ತಾರೆ. ಇಳುಕಲಲ್ಲಿ ನೀನು ಸೀಟಿನಿಂದ ಎದ್ದು ಹಿಂದಕ್ಕೆ ಸರಿದಾಗ ತೋಳು ಕೆಳಗಿನಿಂದ ಬರುತ್ತದೆ. ಲಿವರ್ ಬಗ್ಗಿದ್ದರೆ ಮಣಿಕಟ್ಟು ಮುರಿದ ಹಾಗೆ ಮಡಚುತ್ತದೆ, ಹತ್ತು ನಿಮಿಷಕ್ಕೆ ಕೈ ಜೋಮು ಹಿಡಿಯುತ್ತದೆ. ಅದನ್ನು ಇನ್ನಷ್ಟು ಮೇಲಕ್ಕೆ, ಅಡ್ಡಕ್ಕೆ ಹತ್ತಿರವಾಗುವಂತೆ ತಿರುಗಿಸು. ಇಳಿಯುವ ಭಂಗಿಯಲ್ಲೇ ನಿಂತು ತೋಳು, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರುತ್ತವಾ ಅಂತ ನೋಡಿ ಬಿಗಿ ಮಾಡು. ಲಿವರಿನ ಬಿಗಿತ ಹೇಗಿರಬೇಕೆಂದರೆ, ಓಡಿಸುವಾಗ ಅಲ್ಲಾಡಬಾರದು, ಬಿದ್ದಾಗ ಮುರಿಯುವ ಬದಲು ತಿರುಗಬೇಕು.

ಬಲಗೈಗೆ ಮುಂದಿನ ಬ್ರೇಕು, ಎಡಗೈಗೆ ಹಿಂದಿನದು. ನಮ್ಮ ಸ್ಕೂಟರಿನಲ್ಲೂ ಬೈಕಿನಲ್ಲೂ ಬಲಗೈ ಲಿವರು ಮುಂದಿನ ಚಕ್ರದ್ದೇ ಆದ್ದರಿಂದ ಕೈಗೆ ಗೊಂದಲವಾಗಬಾರದು. ಕೆಲವು ದೇಶಗಳಿಗೆಂದು ಜೋಡಿಸಿದ ಸೈಕಲ್‌ನಲ್ಲಿ ಇದು ಅದಲುಬದಲಾಗಿರುತ್ತದೆ. ಕೊಂಡ ದಿನವೇ ಮುಂದಿನ ಚಕ್ರ ಎತ್ತಿ, ಬಲಗೈ ಲಿವರ್ ಹಿಡಿದು ನೋಡು.

ಕ್ಯಾಲಿಪರ್ ಕೂರಿಸುವುದನ್ನು ಕಲಿತುಬಿಡು, ಕಷ್ಟವೇನಿಲ್ಲ. ಅದನ್ನು ಹಿಡಿದಿರುವ ಎರಡು ಬೋಲ್ಟುಗಳನ್ನು ಕೈಯಲ್ಲಿ ಅಲ್ಲಾಡುವಷ್ಟು ಸಡಿಲಿಸು. ಲಿವರ್ ಒತ್ತಿ ಹಿಡಿದುಕೊ, ಕ್ಯಾಲಿಪರ್ ತಾನೇ ಡಿಸ್ಕಿನ ನೇರಕ್ಕೆ ಬರುತ್ತದೆ. ಹಿಡಿದಿರುವಾಗಲೇ ಒಂದು ಬೋಲ್ಟಿಗೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಹೀಗೆ ಸರದಿಯಲ್ಲಿ ಬಿಗಿ ಮಾಡು. ಆಮೇಲೆ ಹಿಂದೆ ಬಿಳಿ ಕಾಗದ ಹಿಡಿದು ಇಣುಕಿದರೆ ಡಿಸ್ಕಿನ ಎರಡೂ ಪಕ್ಕ ಬೆಳಕಿನ ಸಣ್ಣ ಗೆರೆ ಕಾಣಬೇಕು.

ವೈರಿನ ಡಿಸ್ಕ್ ಆದರೆ ಚಲಿಸದ ಪ್ಯಾಡನ್ನು ಅದರ ತಿರುಪಿನಿಂದ ಡಿಸ್ಕಿಗೆ ತಾಗಿಯೂ ತಾಗದಷ್ಟು ಹತ್ತಿರ ತಾ. ಪ್ಯಾಡ್ ಸವೆದಾಗ ಬಹಳ ಜನ ವೈರನ್ನೇ ಎಳೆದು ಬಿಗಿ ಮಾಡುತ್ತಾರೆ. ಆಗ ಕ್ಯಾಲಿಪರಿನ ತೋಳು ಅರ್ಧ ದೂರ ಹೋಗಿಯೇ ನಿಂತಿರುತ್ತದೆ, ನೀನು ಹಿಡಿದಾಗ ಎಳೆಯಲು ಜಾಗವೇ ಉಳಿದಿರುವುದಿಲ್ಲ. ಪ್ಯಾಡ್ ಸವೆದರೆ ಪ್ಯಾಡನ್ನೇ ಒಳಕ್ಕೆ ತಿರುಗಿಸಬೇಕು. ವೈರಿನ ತಿರುಪು ವೈರು ಹಿಗ್ಗಿದ್ದಕ್ಕೆ ಮಾತ್ರ. ಹೊಸ ವೈರು ಮೊದಲ ವಾರ ಹಿಗ್ಗಿಯೇ ಹಿಗ್ಗುತ್ತದೆ. ವೈರಿನ ಹೊರಕೊಳವೆಯನ್ನು (ಔಟರ್) ನಡುವೆ ತುಂಡಿಲ್ಲದೆ ಲಿವರಿನಿಂದ ಕ್ಯಾಲಿಪರ್ ತನಕ ಒಂದೇ ಉದ್ದ ಹಾಕಿಸಿಕೊಂಡರೆ ನೀರು ನುಗ್ಗುವ ಬಾಯಿ ಕಡಿಮೆಯಾಗುತ್ತದೆ.

ವಿ-ಬ್ರೇಕ್ ತಗೊಂಡರೆ ನೋಡಬೇಕಾದ್ದು ರಬ್ಬರಿನ ಎತ್ತರ. ರಿಮ್ಮಿನಿಂದ ಮೇಲೆ ಹೋದರೆ ಟೈರನ್ನು ಕೊಯ್ದುಬಿಡುತ್ತದೆ, ಕೆಳಗೆ ಜಾರಿದರೆ ಕಡ್ಡಿಗೆ ಸಿಕ್ಕುತ್ತದೆ. ರಬ್ಬರಿನ ಮುಂದಿನ ತುದಿ ಮೊದಲು ತಾಗಲಿ, ಹಿಂದಿನ ತುದಿಯಲ್ಲಿ ಒಂದು ಮಿಲಿಮೀಟರ್ ಸಂದು ಇರಲಿ, ಆಗ ಕಿರುಚುವುದಿಲ್ಲ. ರಿಮ್ಮಿನ ಓಲಾಟ (ಔಟ್) ತೆಗೆಸದೆ ಬ್ರೇಕ್ ಬಿಗಿ ಮಾಡಿದರೆ ಪ್ರಯೋಜನವಿಲ್ಲ. ಯಾವ ಬ್ರೇಕಾದರೂ, ಇದ್ದ ಬಲವನ್ನೆಲ್ಲ ಹಾಕಿ ಹಿಡಿದರೂ ಲಿವರಿಗೂ ಗ್ರಿಪ್ಪಿಗೂ ನಡುವೆ ಒಂದು ಬೆರಳಿನ ಜಾಗ ಉಳಿಯಬೇಕು.

ಹೊಸ ಪ್ಯಾಡು, ಹೊಸ ಡಿಸ್ಕು ಹಾಕಿದ ದಿನವೇ ಗುಡ್ಡ ಇಳಿಯಬೇಡ. ಅವು ಒಂದಕ್ಕೊಂದು ಪಳಗಬೇಕು. ಸಪಾಟಾದ ಖಾಲಿ ರಸ್ತೆಯಲ್ಲಿ 20–25 ಕಿಲೋಮೀಟರ್ ವೇಗಕ್ಕೆ ಹೋಗಿ, ಒಂದು ಬ್ರೇಕನ್ನು ಗಟ್ಟಿಯಾಗಿ ಆದರೆ ಚಕ್ರ ಸಿಕ್ಕಿಕೊಳ್ಳದಂತೆ ಹಿಡಿದು, ನಡಿಗೆಯ ವೇಗಕ್ಕೆ ಇಳಿಸಿ ಬಿಟ್ಟುಬಿಡು. ಪ್ರತಿ ಬ್ರೇಕಿಗೂ ಹೀಗೆ ಇಪ್ಪತ್ತು ಸಲ ಮಾಡಿದರೆ ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಮೊದಲೆರಡು ಸಲ ಹಿಡಿದಾಗ ಇದೇನು ಹಿಡಿಯುವುದೇ ಇಲ್ಲವಲ್ಲ ಅನ್ನಿಸುತ್ತದೆ, ಕೊನೆಯಲ್ಲಿ ನೀನೇ ಬೆರಗಾಗುತ್ತೀಯ. ಮುಂದಿನ ಬ್ರೇಕಿನ ಮೇಲಿನ ಹೆದರಿಕೆ ಹೋಗುವುದೂ ಇಲ್ಲೇ. ಬಲ ಏರಿಸಿದರೆ ಸೈಕಲ್ ಹೇಗೆ ತಲೆಬಾಗುತ್ತದೆ, ಬಿಟ್ಟರೆ ಹೇಗೆ ಏಳುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ.

ಟೈರಿನ ಗಾಳಿಯನ್ನೂ ಬ್ರೇಕಿನ ಲೆಕ್ಕಕ್ಕೇ ಸೇರಿಸು. ಪಂಕ್ಚರ್ ಅಂಗಡಿಯವರು ಕಲ್ಲಿನ ಹಾಗೆ ತುಂಬಿ ಕಳಿಸುತ್ತಾರೆ. ಅಂಥ ಟೈರು ಉರುಟುಕಲ್ಲಿನ ಮೇಲೆ ಕುಣಿಯುತ್ತದೆ, ಕುಣಿಯುವಾಗ ನೆಲದ ಮೇಲೆ ಇರುವುದೇ ಇಲ್ಲ, ಬ್ರೇಕ್ ಹಿಡಿದರೆ ಕೂಡಲೇ ಜಾರುತ್ತದೆ. 2.2 ಇಂಚಿನ ಟೈರಿಗೆ ನಿನ್ನ ತೂಕಕ್ಕೆ 25ರಿಂದ 30 ಪಿಎಸ್ಐ ಸಾಕು. ಅಳತೆ ತೋರಿಸುವ ಕೈಪಂಪು ಒಂದು ತಗೊ.

ಇಳಿಯುವಾಗ ಪೆಡಲ್ ಎರಡೂ ಒಂದೇ ಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗೆ ಒತ್ತು, ಮೈ ತಗ್ಗಿಸಿ ಹಿಂದಕ್ಕೆ ಸರಿ, ಮೊಣಕೈ ಮಡಚಿರಲಿ. ವೇಗವನ್ನೆಲ್ಲ ತಿರುವಿಗೆ ಮೊದಲೇ, ಸೈಕಲ್ ನೇರವಾಗಿರುವಾಗಲೇ, ಗಟ್ಟಿ ನೆಲ ನೋಡಿ ತಗ್ಗಿಸು. ತಿರುವಿನೊಳಗೆ ಮುಂದಿನ ಬ್ರೇಕಿನ ಮೇಲಿನ ಬೆರಳು ಹಗುರಾಗಿರಲಿ. ಒದ್ದೆ ಬೇರು, ಸಿಲ್ವರ್ ಓಕ್ ಎಲೆಯ ರಾಶಿ, ಪಾಚಿಗಟ್ಟಿದ ಕಲ್ಲು ಇವುಗಳ ಮೇಲೆ ಚಕ್ರ ಹೋಗುವ ಕ್ಷಣಕ್ಕೆ ಮುಂದಿನ ಬ್ರೇಕ್ ಬಿಟ್ಟು, ದಾಟಿದ ಮೇಲೆ ಮತ್ತೆ ಹಿಡಿ. ಹಾಸುಬಂಡೆಯ ಮೇಲೆ ನೀರು ಹರಿಯುತ್ತಿದ್ದರೆ ಇಳಿದು ನಡೆ, ಅಲ್ಲಿ ಯಾವ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ಬ್ರೇಕು ಉದ್ದಕ್ಕೂ ಸಣ್ಣಗೆ ಹಿಡಿದಿರಲಿ, ಅದು ಸೈಕಲ್ಲನ್ನು ನೆಟ್ಟಗೆ ಇಡುತ್ತದೆ. ಸುಟ್ಟ ವಾಸನೆ ಬಂದರೆ, ಲಿವರ್ ಇದ್ದಕ್ಕಿದ್ದಂತೆ ಒಳಕ್ಕೆ ಹೋಗತೊಡಗಿದರೆ, ಮೋರಿಯ ಹತ್ತಿರ ನಿಲ್ಲಿಸಿ ಹತ್ತು ನಿಮಿಷ ಕೂತುಕೊ. ಡಿಸ್ಕ್ ಮುಟ್ಟಬೇಡ, ಬೆರಳು ಸುಡುತ್ತದೆ. ಕಾದ ಡಿಸ್ಕಿನ ಮೇಲೆ ನೀರನ್ನೂ ಸುರಿಯಬೇಡ, ಸೊಟ್ಟಗಾಗುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಪ್ಯಾಡ್ ಇಣುಕಿ ನೋಡು. ಅಂಟಿಸಿದ ಸರಕು ಒಂದು ಮಿಲಿಮೀಟರ್‌ಗೆ ಬಂದರೆ ಬದಲಿಸು, ಅರ್ಧ ಮಿಲಿಮೀಟರ್ ತನಕ ಕಾಯುವುದು ಇಳುಕಲಿನ ದಾರಿಗೆ ಬೇಡ. ಚೈನಿಗೆ ಎಣ್ಣೆ ಬಿಡುವಾಗ ಹನಿಹನಿಯಾಗಿ ಬಿಡು, ಸ್ಪ್ರೇ ಹೊಡೆಯಬೇಡ. ಒಂದು ಹನಿ ಡಿಸ್ಕಿಗೆ ಹಾರಿದರೂ ಪ್ಯಾಡು ಅದನ್ನು ಹೀರಿಕೊಂಡು ಕೆಟ್ಟುಹೋಗುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಸೈಕಲ್ ತೊಳೆದುಕೊಡುತ್ತೇನೆ ಅಂದವರಿಗೆ ಬೇಡವೆನ್ನು. ಡಿಸ್ಕ್ ಒರೆಸಲು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಬಸ್ಸಿನ ಮೇಲೆ ಹಾಕಲು ಚಕ್ರ ಬಿಚ್ಚಿದರೆ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ಚೂರು ಸಿಕ್ಕಿಸು. ಇಲ್ಲದಿದ್ದರೆ ಯಾರಾದರೂ ಲಿವರ್ ಒತ್ತಿದಾಗ ಪ್ಯಾಡುಗಳು ಕೂಡಿಕೊಂಡು ಡಿಸ್ಕು ಒಳಗೆ ಹೋಗುವುದೇ ಇಲ್ಲ. ಚೀಲದಲ್ಲಿ ಒಂದು ಜೊತೆ ಪ್ಯಾಡು, 4 ಮತ್ತು 5 ಮಿಲಿಮೀಟರ್ ಅಲೆನ್ ಕೀ, ಡಿಸ್ಕಿನ ತಿರುಪಿಗೆ ಟಿ25 ನಕ್ಷತ್ರ ಕೀ ಇರಲಿ.

ಇನ್ನೊಂದು ಕೆಲಸ ನಿನಗೆ ಹೇಳಬೇಕು. ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್‌ಗಳು ನಮ್ಮ ಊರುಗಳಲ್ಲಿ ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದು ಈಗಲೂ ಓಡುತ್ತಿವೆ. ನಿನ್ನ ಶಾಲೆಯ ಅಂಗಳದಲ್ಲೂ ನಿಂತಿರುತ್ತವೆ. ಆ ಮಕ್ಕಳೂ ಅದೇ ಇಳುಕಲು ಇಳಿದು ಬರುವವರು, ನಿನ್ನ ಹಾಗೆ ಆರಿಸಿಕೊಂಡು ಕೊಂಡವರಲ್ಲ. ಒಂದು ಶನಿವಾರ ಮಧ್ಯಾಹ್ನ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಂದಿನ ಬ್ರೇಕ್ ನೋಡು. ಎಷ್ಟೋ ಸೈಕಲ್‌ಗಳಲ್ಲಿ ಮನೆಯವರೇ ಹೆದರಿ ಮುಂದಿನ ವೈರು ಬಿಚ್ಚಿಟ್ಟಿರುತ್ತಾರೆ, ಅದನ್ನು ಮೊದಲು ಹಾಕಿಸು. ರಬ್ಬರು ಗಾಜಿನ ಹಾಗೆ ಗಟ್ಟಿಯಾಗಿದ್ದರೆ ಬದಲಿಸು, ಒಂದು ಜೊತೆಗೆ ದೊಡ್ಡ ಖರ್ಚೇನೂ ಇಲ್ಲ. ಸಣ್ಣ ಕೈಯ ಮಕ್ಕಳ ಬೆರಳು ಲಿವರಿಗೆ ಎಟುಕುತ್ತದಾ ಅಂತ ಒಬ್ಬೊಬ್ಬರದೂ ನೋಡು. ಮಳೆ ಬಂದ ದಿನ ಕಬ್ಬಿಣದ ರಿಮ್ಮಿನವರೆಲ್ಲ ಮೇಲಿನ ತಿರುವಿನಿಂದ ಕೆಳಗೆ ಸೈಕಲ್ ತಳ್ಳಿಕೊಂಡೇ ಬರಬೇಕು ಅಂತ ಕಟ್ಟುನಿಟ್ಟಾಗಿ ಹೇಳು. ರಬ್ಬರಿಗೂ ವೈರಿಗೂ ಎಷ್ಟು ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ತಿಳಿಸಿದರೆ ನಾನು ಚಿಕ್ಕಮಗಳೂರಿನಿಂದ ತಂದು ಬಸ್ಸಿಗೆ ಹಾಕಿ ಕಳಿಸುತ್ತೇನೆ.